ಸಹಾಯ ಬೇಕು: ನಮ್ಮ ಓಣಿ ಪಕ್ಕದ ಸಣ್ಣ ಕಾಡು, ಬಳ್ಳಾರಿ ಜಾಲಿ ಕಾಟ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಮ್ಮ ಬಡಾವಣೆ ಹಿಂದೆ ಸುಮಾರು ಮೂರು ಎಕರೆ ಸರ್ಕಾರಿ ಜಾಗ ಇದೆ. ಬೇವು, ಹೊಂಗೆ, ಕರಿಜಾಲಿ ತಾವಾಗಿಯೇ ಬೆಳೆದಿವೆ. ಓಣಿ ಮಂದಿ ಹತ್ತು ಜನ ಸೇರಿ ನೋಡಿಕೊಳ್ಳುತ್ತಿದ್ದೇವೆ.

ದೊಡ್ಡ ತಲೆನೋವು ಬಳ್ಳಾರಿ ಜಾಲಿ, ಅಂದರೆ ಹೊರದೇಶದಿಂದ ಬಂದು ಎಲ್ಲೆಡೆ ಹಬ್ಬುವ ಮುಳ್ಳು ಗಿಡ. ಹೋದ ವರ್ಷ ಕೂಲಿ ಕೊಟ್ಟು ನೆಲಮಟ್ಟಕ್ಕೆ ಕಡಿಸಿದೆವು. ಮಳೆ ಬಿದ್ದದ್ದೇ ತಡ, ಒಂದೊಂದು ಬುಡದಿಂದ ಐದಾರು ಚಿಗುರು! ಬುಡವನ್ನು ನೆಲದೊಳಗಿಂದ ಅಗೆದು ತೆಗೆಯಬೇಕಂತೆ, ಆಮೇಲೆ ಗೊತ್ತಾಯಿತು. ಆದರೆ ಬೇಸಿಗೆಯಲ್ಲಿ ನಮ್ಮ ಎರೆ ಮಣ್ಣು ಕಲ್ಲಿನಂತೆ, ಮಳೆಯಲ್ಲಿ ಅಂಟು. ಯಾವ ತಿಂಗಳು ಅಗೆಯಬೇಕು? ಜೆಸಿಬಿ ತಂದರೆ ಪಕ್ಕದ ಬೇವಿನ ಬೇರಿಗೆ ಪೆಟ್ಟು ಬೀಳುತ್ತದೆ, ಅಲ್ವಾ? ಎಲ್ಲವನ್ನೂ ಒಂದೇ ಸಲ ತೆಗೆಯುವುದೂ ನನಗೆ ಸರಿ ಕಾಣುತ್ತಿಲ್ಲ. ಆ ಮುಳ್ಳಿನೊಳಗೇ ಹಕ್ಕಿಗಳು ಗೂಡು ಕಟ್ಟುತ್ತವೆ.

ಇನ್ನೊಂದು, ಒಣಗಿದ ಬೇವಿನ ಮರವೊಂದರ ಪೊಟರೆಯಲ್ಲಿ ಹಾಲಕ್ಕಿ (ಸಣ್ಣ ಗೂಬೆ) ಜೋಡಿ ಇದೆ. ಅಪಶಕುನ, ಕಡಿದುಬಿಡಿ ಅಂತ ಕೆಲವರ ಹಟ. ಇಲಿ ಹಿಡಿಯುವ ಹಕ್ಕಿ, ಸುಮ್ನೆ ಬಿಡಿ ಅಂದರೆ ಕೇಳುವುದಿಲ್ಲ. ದಾರಿಗೆ ಬೀಳುವಂತೆಯೂ ಇಲ್ಲ ಆ ಮರ.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದಕ್ಕೆ ಅರ್ಜಿ ಬರೆದ ಅನುಭವ ಯಾರಿಗಾದರೂ ಇದೆಯಾ? ಮಾದರಿ ಪತ್ರ ಇದ್ದರೆ ಹಾಕಿ. ಬೀದರ್, ಯಾದಗಿರಿ ಕಡೆ ಜಾಲಿ ತೆಗೆಸಿದವರು ಕೂಲಿ ಎಷ್ಟಾಯಿತು ಅಂತಲೂ ತಿಳಿಸಿ. ನಮ್ಮ ಹತ್ತಿರ ದುಡ್ಡು ಜಾಸ್ತಿ ಇಲ್ಲ.