ಸಹಾಯ ಬೇಕು: ಪತ್ರದ ತಾರೀಖು ಲೆಕ್ಕವಾ, ಅಂಚೆ ಮುದ್ರೆ ಲೆಕ್ಕವಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆಯ ಒಂದು ಹಳ್ಳಿ. ನಮ್ಮ ಕೆರೆ ಕಾಲುವೆಯ ಹೂಳು ತೆಗೆದಿದ್ದೇವೆ ಅಂತ ಪಂಚಾಯಿತಿಯವರು ನರೇಗಾದಲ್ಲಿ ಬಿಲ್ ಮಾಡಿದ್ದಾರೆ. ಕಾಲುವೆಯಲ್ಲಿ ಮಾತ್ರ ಜಾಲಿ ಗಿಡ ಆಳೆತ್ತರ ನಿಂತಿದೆ. ಗ್ರಾಮಸಭೆಯಲ್ಲಿ ಕೇಳಿದೆ, "ಆಮೇಲೆ ನೋಡೋಣ" ಅಂದರು.

ಸರಿ ಅಂತ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕು ಅರ್ಜಿ ಹಾಕಿದೆ. ಅಳತೆ ಪುಸ್ತಕ, ಹಾಜರಿ ಪಟ್ಟಿ, ಕೆಲಸದ ಫೋಟೋಗಳ ನಕಲು ಕೇಳಿದ್ದೆ. 30 ದಿನ ಕಳೆದರೂ ಸುದ್ದಿ ಇಲ್ಲ. 41ನೇ ದಿನ ಪತ್ರ ಬಂತು: 640 ಪುಟ ಇದೆ, ಪುಟಕ್ಕೆ 2 ರೂಪಾಯಿಯಂತೆ 1,280 ಕಟ್ಟಿ. ಒಂದು ಕಾಲುವೆಗೆ 640 ಪುಟ! ಅಷ್ಟು ಕೆಲಸ ಆಗಿದ್ದರೆ ನೀರಾದರೂ ಬರುತ್ತಿತ್ತು ಅಲ್ವಾ?

2005ರ ಮಾಹಿತಿ ಹಕ್ಕು ಕಾಯ್ದೆಯ 7(6)ನೇ ಕಲಂ ಪ್ರಕಾರ 30 ದಿನದ ಗಡುವು ಮೀರಿದರೆ ಮಾಹಿತಿ ಉಚಿತವಾಗಿ ಕೊಡಬೇಕು. ಪಂಚಾಯಿತಿಗೆ ಹೋಗಿ ಅದನ್ನೇ ಹೇಳಿದೆ. ಪತ್ರದ ಮೇಲೆ 29ನೇ ದಿನದ ತಾರೀಖು ಇದೆ, ಹಾಗಾಗಿ ತಡ ಆಗಿಲ್ಲ ಅಂತಾರೆ. ಆದರೆ ಲಕೋಟೆ ಮೇಲಿನ ಅಂಚೆ ಮುದ್ರೆ 39ನೇ ದಿನದ್ದು. ಲಕೋಟೆ ಬಿಸಾಡಿಲ್ಲ, ಪುಣ್ಯಕ್ಕೆ.

ಪರಿಚಯದವರೊಬ್ಬರು "ಸುಮ್ನೆ ದುಡ್ಡು ಕಟ್ಟಿಬಿಡು" ಅಂತಾರೆ. ಕಟ್ಟಿದರೆ ತಡ ಆಗಿಲ್ಲ ಅಂತ ನಾನೇ ಒಪ್ಪಿದ ಹಾಗಾಗುತ್ತಾ ಅನ್ನೋದು ನನ್ನ ಭಯ. ಮೊದಲ ಮೇಲ್ಮನವಿಗೆ ಇರೋದು 30 ದಿನ, ಅದರಲ್ಲಿ ಆಗಲೇ ಜಾಸ್ತಿ ದಿನ ಹೋಗಿದೆ.

ಇಂಥದ್ದೇ ಪರಿಸ್ಥಿತಿಯಲ್ಲಿ ಮೇಲ್ಮನವಿ ಹಾಕಿದವರು ಯಾರಾದರೂ ಇದ್ದೀರಾ? ಅಂಚೆ ಮುದ್ರೆಯನ್ನು ಸಾಕ್ಷಿಯಾಗಿ ಒಪ್ಪುತ್ತಾರಾ? ದುಡ್ಡು ಕಟ್ಟಿ ಮೇಲ್ಮನವಿ ಹಾಕಲಾ, ಕಟ್ಟದೇ ಹಾಕಲಾ?