ತೌಡಿನ ಎಣ್ಣೆ: ರಿಫೈನ್ ಮಾಡುವಾಗ ಒಳ್ಳೆಯದೂ ಹೋಗಿಬಿಡುತ್ತಾ?

ಪ್ರಶ್ನೆ:
ಅಪ್ಪನಿಗೆ ಕೊಲೆಸ್ಟ್ರಾಲ್ ಬಂದಾಗಿನಿಂದ ನಮ್ಮನೆಯಲ್ಲಿ ತೌಡಿನ ಎಣ್ಣೆ. ಅದರಲ್ಲಿರುವ ಒರೈಜನಾಲ್ ಅನ್ನೋ ಅಂಶ ಕೊಲೆಸ್ಟ್ರಾಲ್‌ಗೆ ಒಳ್ಳೆಯದು ಅಂತ ಕೇಳಿ ತರಲು ಶುರು ಮಾಡಿದ್ದು. ಮೊನ್ನೆ ಎರಡು ಕಂಪನಿಯ ಪ್ಯಾಕೆಟ್ ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದು ತಿಳಿ ಹಳದಿ, ಇನ್ನೊಂದು ಸ್ವಲ್ಪ ಕಂದು. ತಿಳಿಯಾಗಿರುವುದೇ ಶುದ್ಧ ಅಂತಾರೆ ಅಂಗಡಿಯವರು. ನಿಜವಾ?

ಉತ್ತರ 1:
ಸುಮ್ನೆ ಗಾಣದ ಶೇಂಗಾ ಎಣ್ಣೆ ತನ್ನಿ ಅಕ್ಕ. ರಿಫೈನ್ಡ್ ಗೊಡವೆಯೇ ಬೇಡ.

ಉತ್ತರ 2:
ಶೇಂಗಾಕ್ಕೆ ಆ ಮಾತು ಸರಿ. ತೌಡಿಗೆ ಆಗಲ್ಲ. ಗಂಗಾವತಿ ಕಡೆಯ ಒಂದು ಸಾಲ್ವೆಂಟ್ ಪ್ಲಾಂಟ್‌ನ (ದ್ರಾವಕ ಹಾಕಿ ತೌಡಿನಿಂದ ಎಣ್ಣೆ ತೆಗೆಯುವ ಕಾರ್ಖಾನೆ) ಲ್ಯಾಬ್‌ನಲ್ಲಿ 11 ವರ್ಷ ಇದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಭತ್ತ ಮಿಲ್ಲಿಗೆ ಬಿದ್ದು ತೌಡು ಬೇರೆಯಾದ ಗಳಿಗೆಯಿಂದಲೇ ಅದರಲ್ಲಿರುವ ಲೈಪೇಸ್ ಅನ್ನೋ ಕಿಣ್ವ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ಹುಳಿ ಅಂಶ ಏರುತ್ತಾ ಹೋಗುತ್ತದೆ. ಒಂದು ಮಳೆಗಾಲ ಲಾರಿ ಎರಡು ದಿನ ತಡವಾಗಿ ಬಂತು. ಚೀಲ ಬಿಚ್ಚಿದರೆ ಒಳಗೆ ಕೈ ಇಡಲಾಗದಷ್ಟು ಬಿಸಿ, ಕಮಟು ವಾಸನೆ. ಹುಳಿ ಅಳೆಯಲು ಕೂತರೆ, ಬ್ಯೂರೆಟ್ ಅನ್ನೋ ಅಳತೆ ನಳಿಗೆಯಲ್ಲಿದ್ದ ಕ್ಷಾರವೆಲ್ಲ ಖಾಲಿಯಾದರೂ ಹುಳಿ ತೀರಿತು ಅಂತ ತೋರಿಸುವ ಗುಲಾಬಿ ಬಣ್ಣ ಬರಲೇ ಇಲ್ಲ. ಅಂಥ ಎಣ್ಣೆಯನ್ನು ಶುದ್ಧ ಮಾಡದೆ ಬಾಯಿಗಿಡಲು ಆಗಲ್ಲ. ಜೊತೆಗೆ ಅಂಟು, ಮೇಣ ಬೇರೆ.

ಹೇಗೆ ಶುದ್ಧ ಮಾಡುತ್ತಾರೆ ಅನ್ನೋದರಲ್ಲೇ ಎಲ್ಲ ಇದೆ. ಹಳೆಯ ದಾರಿ ಕಾಸ್ಟಿಕ್ ಸೋಡಾ. ಹುಳಿ ಸೋಪಾಗಿ ತಳಕ್ಕೆ ಕೂರುತ್ತದೆ. ಆದರೆ ಒರೈಜನಾಲ್‌ಗೂ ಸ್ವಲ್ಪ ಆಮ್ಲದ ಗುಣ ಇದೆ, ಅದೂ ಆ ಸೋಪಿನ ಜೊತೆಗೇ ಹೊರಟುಹೋಗುತ್ತದೆ. ಬಹುಪಾಲು ನಷ್ಟ. ನನಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಇನ್ನೊಂದು ದಾರಿ ಫಿಸಿಕಲ್ ರಿಫೈನಿಂಗ್. ಮೊದಲು ಅಂಟು, ಮೇಣ ಚೆನ್ನಾಗಿ ತೆಗೆದು, ವ್ಯಾಕ್ಯೂಮ್‌ನಲ್ಲಿ 200 ಡಿಗ್ರಿಗೂ ಮೇಲೆ ಕಾಯಿಸಿ ಹಬೆ ಹಾಯಿಸುತ್ತಾರೆ. ಹುಳಿ ಆವಿಯಾಗಿ ಹೋಗುತ್ತದೆ. ಒರೈಜನಾಲ್ ಭಾರ, ಅಷ್ಟು ಸುಲಭಕ್ಕೆ ಹಾರಲ್ಲ, ಎಣ್ಣೆಯಲ್ಲೇ ಉಳಿಯುತ್ತದೆ. ವಿಟಮಿನ್ ಇ ಮಾತ್ರ ಸ್ವಲ್ಪ ಹಬೆ ಜೊತೆ ಹೋಗುತ್ತದೆ. ಬಿಸಿ ಜಾಸ್ತಿ ಆದಷ್ಟೂ ಜಾಸ್ತಿ. ಅಂಟು ಸರಿಯಾಗಿ ತೆಗೆಯದೆ ಕಾಯಿಸಿದರೆ ಎಣ್ಣೆ ಕಪ್ಪಾಗುತ್ತದೆ, ಆಮೇಲೆ ಬಣ್ಣ ಹೀರಲು ಹಾಕುವ ಯಾವ ಬ್ಲೀಚಿಂಗ್ ಮಣ್ಣಿಗೂ ಆ ಬಣ್ಣ ಬಗ್ಗಲ್ಲ.

ಹಾಗಾಗಿ ಬಣ್ಣ ನೋಡಿ ತೀರ್ಮಾನ ಬೇಡ ಮೇಡಂ, ಒರೈಜನಾಲ್ ಉಳಿದಿದೆಯಾ ಅಂತ ಅದು ಹೇಳಲ್ಲ. ಪ್ಯಾಕೆಟ್ ಹಿಂದೆ ‘ಫಿಸಿಕಲಿ ರಿಫೈನ್ಡ್’ ಅಂತ ಇದೆಯಾ, ಒರೈಜನಾಲ್ ಎಷ್ಟು ಅಂತ ಬರೆದಿದ್ದಾರಾ ನೋಡಿ. 100 ಗ್ರಾಂಗೆ 1000 ಮಿಲಿಗ್ರಾಂ ಅಂದರೆ ಶೇಕಡಾ 1. ಕಚ್ಚಾ ಎಣ್ಣೆಯಲ್ಲೇ ಸಾಮಾನ್ಯವಾಗಿ ಶೇಕಡಾ ಒಂದೂವರೆಯಿಂದ ಎರಡು ಇರೋದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಕಂದು ಪ್ಯಾಕೆಟ್ ಮೇಲೆ ಎರಡೂ ಇದೆ. ತಿಳಿ ಹಳದಿಯದರಲ್ಲಿ ಆ ಅಂಕಿಯೇ ಇಲ್ಲ. ಆದರೆ ಈ ಕಂದು ಎಣ್ಣೆ ಫ್ರಿಜ್‌ನಲ್ಲಿಟ್ಟಾಗ ಮೋಡ ಕವಿದ ಹಾಗಾಯಿತು. ಕೆಟ್ಟಿದೆಯಾ?

ಉತ್ತರ 2:
ಇಲ್ಲ. ಉಳಿದ ಚೂರು ಮೇಣ, ಗಟ್ಟಿ ಕೊಬ್ಬು ಚಳಿಗೆ ಹೆಪ್ಪುಗಟ್ಟಿದೆ ಅಷ್ಟೇ. ಹೊರಗಿಡಿ, ತಿಳಿಯಾಗುತ್ತದೆ.