ಅಂಬಾಸಿಡರ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಲೀಕ್: ಪೇಸ್ಟ್ ಸಾಕಾ, ಫೇಸಿಂಗ್ ಮಾಡಿಸಬೇಕಾ? ಅನುಭವ ಇರೋರು ಹೇಳಿ

ತುಮಕೂರು_ಮಾರ್ಕ್2:
ಎಲ್ಲರಿಗೂ ನಮಸ್ಕಾರ. ತಾತನ ಕಾಲದ 1974ರ ಮಾರ್ಕ್ 2, 1489 ಸಿಸಿ ಪೆಟ್ರೋಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತೆ, ಬಿಸಿ ಆದ ಮೇಲೆ ಕಮ್ಮಿ ಆಗುತ್ತೆ. ಮ್ಯಾನಿಫೋಲ್ಡಲ್ಲಿ (ಎಂಜಿನ್ ಹೊಗೆ ಒಟ್ಟು ಮಾಡಿ ಸೈಲೆನ್ಸರ್ ಪೈಪಿಗೆ ಕಳಿಸೋ ಕಬ್ಬಿಣದ ಭಾಗ) ನಡುವಿನ ಪೋರ್ಟ್ (ಹೊಗೆ ಬರೋ ಬಾಯಿ) ಸುತ್ತ ಮಸಿ. ಸಿಗ್ನಲ್‌ನಲ್ಲಿ ನಿಂತರೆ ಒಳಗೆಲ್ಲ ಹೊಗೆ ವಾಸನೆ, ಅಮ್ಮ ಕೂರೋದನ್ನೇ ಬಿಟ್ಟಿದ್ದಾರೆ. ಹೊಸ ಪ್ಯಾಕಿಂಗ್‌ಗೆ (ಗ್ಯಾಸ್ಕೆಟ್) ಎರಡೂ ಕಡೆ ಸೀಲಿಂಗ್ ಪೇಸ್ಟ್ ಹಚ್ಚಿ ಕೂರಿಸಿಕೊಡ್ತೀನಿ ಅಂತಾರೆ ಮೆಕ್ಯಾನಿಕ್. ಸಾಕಾ, ಇಲ್ಲ ಫೇಸಿಂಗ್ (ಮ್ಯಾನಿಫೋಲ್ಡ್ ಮುಖ ತೇಯಿಸಿ ಸಮ ಮಾಡಿಸೋದು) ಬೇಕಾ? ಮ್ಯಾನಿಫೋಲ್ಡ್ ಹಿಡಿದಿರೋ ಸ್ಟಡ್‌ಗಳೆಲ್ಲ (ಎರಡೂ ತುದಿಗೆ ತ್ರೆಡ್ ಇರೋ ಬೋಲ್ಟ್) ತುಕ್ಕು ಹಿಡಿದಿವೆ, ಯಾವುದೂ ಮುರಿದಿಲ್ಲ. ಮುಂದಿನ ತಿಂಗಳು ತಂಗಿ ಮದುವೆಗೆ ಗಾಡಿ ಬೇಕು.

ಅಂಬಿ_ಮೈಸೂರು:
ಪೇಸ್ಟ್ ಅಂದರೆ ಮೈ ಉರಿಯುತ್ತೆ ನನಗೆ. ನಂದು ಮಾರ್ಕ್ 3. ಒಂದು ಗ್ಯಾರೇಜಿನವರು (ಹೆಸರು ಬೇಡ) ಕೆಂಪು ಸಿಲಿಕೋನ್ ಬಳಿದು ಕಳಿಸಿದರು. ಕೂಲಿ ₹1,800, ಪ್ಯಾಕಿಂಗ್ ₹350, ಟ್ಯೂಬಿಗೆ ಬೇರೆ ₹280. ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಮತ್ತೆ ಟಿಕ್ ಟಿಕ್. ಆ ಸಿಲಿಕೋನ್ ತಡೆಯೋದು 300 ಚಿಲ್ಲರೆ ಡಿಗ್ರಿ. ಏರು ಹತ್ತುವಾಗ ಪೋರ್ಟಿಂದ ಬರೋ ಹೊಗೆ 600 ದಾಟುತ್ತೆ. ಬಿಚ್ಚಿದರೆ ಎಕ್ಸಾಸ್ಟ್ ಕಡೆ ಸುಟ್ಟು ಪುಡಿ ಪುಡಿ. ಇನ್‌ಲೆಟ್ (ಪೆಟ್ರೋಲ್-ಗಾಳಿ ಒಳಗೆ ಹೋಗೋ) ಕಡೆ ಪೆಟ್ರೋಲ್ ಕುಡಿದು ಉಬ್ಬಿ, ಒಂದು ಚೂರು ಪೋರ್ಟಿನೊಳಗೇ ಜೋತಾಡ್ತಿತ್ತು. ಅದು ವಾಲ್ವ್ ಕೆಳಗೆ ಸಿಕ್ಕಿದ್ದರೆ?

ಮ್ಯಾನಿಫೋಲ್ಡನ್ನ ದಪ್ಪ ಗಾಜಿನ ಮೇಲೆ ಕವುಚಿ ಹಾಕಿ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ತೂರಿಸಿದೆ. ನಡುವಿನ ಪೋರ್ಟ್ ಹತ್ತಿರ 12 ತೌ (ತೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಸಲೀಸಾಗಿ ಹೋಯ್ತು. 2 ಮತ್ತು 3ನೇ ಸಿಲಿಂಡರ್ ಎರಡರ ಬೆಂಕಿನೂ ಅದೇ ಪೋರ್ಟಲ್ಲಿ ಬರುತ್ತೆ, ಸೊಟ್ಟ ಆಗದೆ ಇನ್ನೇನು. 4 ತೌ ಮೇಲಿದ್ದರೆ ಫೇಸಿಂಗೇ, ಬೇರೆ ಮಾತಿಲ್ಲ. ಅದಕ್ಕೆ ಲೇತಿನವರು ₹1,400 ತಗೊಂಡರು. ಅಲ್ಲಿಗೂ ಮುಗೀಲಿಲ್ಲ! ಈ ಎಂಜಿನ್‌ನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕ, ಪ್ಯಾಕಿಂಗೂ ಒಂದೇ. ಒಂದೇ ದಪ್ಪ ವಾಷರ್ ಎರಡರ ಕಿವಿನೂ (ಸ್ಟಡ್ ಪಕ್ಕದ ಚಾಚು) ಒತ್ತಿ ಹಿಡಿಯುತ್ತೆ. ಎಕ್ಸಾಸ್ಟ್ ಒಂದನ್ನೇ ತೇಯಿಸಿದರೆ ಅದರ ಕಿವಿ ತೆಳ್ಳಗಾಗಿ ವಾಷರ್ ಪೂರ್ತಿ ಇನ್‌ಲೆಟ್ ಮೇಲೆ ಕೂರುತ್ತೆ, ಎಕ್ಸಾಸ್ಟ್ ಸಡಿಲ. ಕಿವಿ ಸಮ ಮಾಡಿಸೋಕೆ ಮತ್ತೆ ₹600. ಇದನ್ನ ಲೇತಿನವನೂ ಹೇಳಲ್ಲ, ಮೆಕ್ಯಾನಿಕ್ಕೂ ಹೇಳಲ್ಲ.

ಹುಬ್ಳಿ_ಟ್ಯಾಕ್ಸಿ:
ಏನ್ರೀ ಇದು, ಒಂದ್ ಪ್ಯಾಕಿಂಗ್ ಹಾಕಾಕ ಇಷ್ಟ್ ದೊಡ್ಡ ರಾಮಾಯಣ? ನಮ್ಮಪ್ಪ ಇದ ಗಾಡಿ ಟ್ಯಾಕ್ಸಿ ಹೊಡದು ಮೂರು ಮಕ್ಕಳ ಮದುವಿ ಮಾಡ್ಯಾರ. ಗಾಜೂ ಇಲ್ಲ, ಗೇಜೂ ಇಲ್ಲ. ತಾಮ್ರದ ಹಾಳಿ ಹೊದಿಸಿದ ಹಳೇ ನಮೂನಿ ಪ್ಯಾಕಿಂಗ್, ಅದರ ಮ್ಯಾಲೆ ಗ್ರಾಫೈಟ್ ಗ್ರೀಸ್ ತೆಳ್ಳಗ ಸವರೋದು, ನಡುವಿಂದ ಶುರು ಮಾಡಿ ತುದಿ ಕಡೆ ಬಿಗಿಯೋದು. ಧಾರವಾಡಕ್ಕ ಹೋಗಿ ಬಂದು, ಗಾಡಿ ಪೂರಾ ತಣ್ಣಗಾದ ಮ್ಯಾಲೆ ಮತ್ತ ಬಿಗಿಯೋದು. ಮುಗೀತು. ಈಗಿನ ಮಂದಿ ಎರಡನೇ ಸಲ ಬಿಗಿಯೂದಿಲ್ಲ, ಆಮ್ಯಾಲೆ ಮಶೀನ್ ಶಾಪಿಗೆ ರೊಕ್ಕಾ ಸುರೀತಾರ. ನನ್ನ ಕಡೆ ಹಳೇ ಸ್ಟಾಕ್ ಪ್ಯಾಕಿಂಗ್ ಇನ್ನೂ ಅದಾವ. ಕೇಳಬ್ಯಾಡ್ರಿ, ಕೊಡಾಂಗಿಲ್ಲ.

ಮಲ್ಲೇಶ್ವರಂ_ಹೆರಾಲ್ಡ್:
ಆ ಹಳೇ ಸ್ಟಾಕ್ ತಾಮ್ರದ ಒಳಗೆ ಇರೋದು ಕಲ್ನಾರು (ಆಸ್ಬೆಸ್ಟಸ್) ಸಾರ್. ವೈರ್ ಬ್ರಷ್ ಹಾಕಿ ಕೆರೆದರೆ ದೂಳು ನೇರ ಶ್ವಾಸಕೋಶಕ್ಕೆ. ಕೆರೆಯಲೇಬೇಕಾದರೆ ನೀರು ಹಾಕಿ ನೆನೆಸಿ ಕೆರೀರಿ. ಈಗ ಗ್ರಾಫೈಟ್ ಪ್ಯಾಕಿಂಗ್ ಸಿಗುತ್ತೆ, ಒಣಗಿದ್ದನ್ನೇ ಹಾಕಬೇಕು, ಗ್ರೀಸೂ ಬೇಡ ಪೇಸ್ಟೂ ಬೇಡ. ಒಂದು ಸಲ ಬಿಚ್ಚಿದರೆ ಬಿಸಾಕೋದೇ.

ಹುಬ್ಳಿ_ಟ್ಯಾಕ್ಸಿ:
ನಮ್ಮಪ್ಪಗ ಈಗ 81. ದಿನಾ ಮುಂಜಾನೆ ಉಣಕಲ್ ಕೆರಿ ಸುತ್ತ ಹಾಕ್ತಾರ. ನಿಮ್ಮ ಮಲ್ಲೇಶ್ವರಂ ಟ್ರಾಫಿಕ್ ಹೊಗಿ ಮುಂದ ಇದು ಏನೂ ಅಲ್ಲ ಬಿಡ್ರಿ.

ಮಲ್ಲೇಶ್ವರಂ_ಹೆರಾಲ್ಡ್:
ನಿಮ್ಮ ತಂದೆಯವರು ನೂರು ವರ್ಷ ಬಾಳಲಿ. ಅದರಿಂದ ಕಲ್ನಾರು ಟಾನಿಕ್ ಆಗಲ್ಲ.

ಬಿಎಂಸಿ_ಬೆಂಗ್ಳೂರು:
ಜಗಳ ಆಮೇಲೆ ಆಡಿ. ನಟ್‌ಗೆ ಸ್ಪ್ಯಾನರ್ ಹಾಕೋ ಮುಂಚೆ ನನ್ನ ಕಥೆ ಓದಿ. ಹಿಂದಿನ ತುದಿಯ ಸ್ಟಡ್ಡಿಗೆ ಒಬ್ಬ ಮಹಾನುಭಾವ ಸ್ಪ್ಯಾನರ್ ಮೇಲೆ ಪೈಪ್ ಸಿಕ್ಕಿಸಿ ಎಳೆದ. ಎಂಜಿನ್ ಹೆಡ್ ಮಟ್ಟಕ್ಕೇ ಟಪ್ ಅಂತ ತುಂಡಾಯ್ತು. ನಡುವೆ ತೂತು ಕೊರೆದು ಈಜಿ ಔಟ್ (ಮುರಿದ ಸ್ಟಡ್ ಹೊರಗೆ ತಿರುಗಿಸೋ ಗಟ್ಟಿ ಉಪಕರಣ) ತಿರುಗಿಸಿದ, ಅದೂ ಒಳಗೇ ಮುರೀತು. ಈಜಿ ಔಟ್ ಸ್ಟೀಲ್‌ಗೆ ಮಾಮೂಲಿ ಡ್ರಿಲ್ ಬಿಟ್ ಹತ್ತಲ್ಲ, ಬಿಟ್ ಜಾರಿ ಪಕ್ಕದ ಕಬ್ಬಿಣ ತಿನ್ನುತ್ತೆ. ಕೊನೆಗೆ ಹೆಡ್ ಇಳಿಸಿ ಪೀಣ್ಯಕ್ಕೆ ಒಯ್ದು ಸ್ಪಾರ್ಕ್ ಇರೋಷನ್ನಲ್ಲಿ (ವಿದ್ಯುತ್ ಕಿಡಿಯಿಂದ ಲೋಹ ಕರಗಿಸೋದು) ತೆಗೆಸಿದ್ದು. ಲೆಕ್ಕ ಹೇಳ್ತೀನಿ: ಸ್ಪಾರ್ಕ್ ₹2,500, ಹೆಡ್ ಪ್ಯಾಕಿಂಗ್ ₹950, ಹೆಡ್ ಫೇಸಿಂಗ್ ₹1,600, ಬಿಚ್ಚಿದ ಮೇಲೆ ವಾಲ್ವ್ ಗೈಡ್ ಸವೆದಿದೆ ಅಂತ ಗೈಡು, ವಾಲ್ವ್ ಗ್ರೈಂಡಿಂಗ್ ಸೇರಿ ₹7,200, ಕೂಲಿ ₹6,000, ಟೋಯಿಂಗ್ ₹2,200. ಒಟ್ಟು ₹20,450. ಹೊರಟಿದ್ದು ₹350ರ ಪ್ಯಾಕಿಂಗ್ ಬದಲಾಯಿಸೋಕೆ!

ನಟ್ ಕೆಂಪಗೆ ಕಾಯಿಸಿ, ಮೇಣದ ಬತ್ತಿ ತಾಗಿಸಿ, ಮೇಣ ಎಳ್ಕೊಂಡ ಮೇಲೆ ಹಿಂದೆ ಮುಂದೆ ಆಡಿಸ್ತಾ ಬಿಚ್ಚಿಸಿ. ಮುರಿದರೂ ತುದಿ ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ ತಿರುಗಿಸಿ, ಆ ಬಿಸಿಗೇ ಬರುತ್ತೆ. ಸ್ಟಡ್ 5/16 ಇಂಚಿನದು, ಹೆಡ್ ಒಳಗೆ ಹೋಗೋ ಕಡೆ ಒರಟು ತ್ರೆಡ್, ನಟ್ ಕಡೆ ಸಣ್ಣ ತ್ರೆಡ್. ಜೆ.ಸಿ. ರೋಡಲ್ಲಿ 8 ಎಂಎಂ ಕೈಗಿಟ್ಟು ‘ಎರಡೂ ಒಂದೇ ಸಾರ್’ ಅನ್ನೋರು ಇದ್ದಾರೆ, ಒಂದೇ ಅಲ್ಲ. ನಟ್ ಹಿತ್ತಾಳೆದೇ ಹಾಕಿಸಿ. ಬಿಗಿಯೋಕೆ 15 ಪೌಂಡ್-ಅಡಿ ಬಲ ಸಾಕು, ಪೈಪ್ ಸಿಕ್ಕಿಸೋ ಪೈಲ್ವಾನರನ್ನ ದೂರ ಇಡಿ.

ಅಂಬಿ_ಮೈಸೂರು:
ಕೆಂಪಗೆ ಕಾಯಿಸೋದಾ? ಕಾರ್ಬುರೇಟರ್ ಅಲ್ಲೇ ಪಕ್ಕದಲ್ಲಿ ಇದೆ ಸ್ವಾಮಿ.

ಬಿಎಂಸಿ_ಬೆಂಗ್ಳೂರು:
ಕಾರ್ಬುರೇಟರ್ ತೆಗೆದು, ಪೆಟ್ರೋಲ್ ಲೈನ್ ಮುಚ್ಚಿ ಕಾಯಿಸಬೇಕು ಅಂತ ಇಲ್ಲಿರೋರಿಗೂ ಬಿಡಿಸಿ ಹೇಳಬೇಕಾ?

ಕುಡ್ಲ_ಅಂಬಿ:
ಇಷ್ಟೆಲ್ಲ ತಲೆಬಿಸಿ ಎಂತಕ್ಕೆ ಮಾರಾಯ್ರೆ? ನಾನು ಆ ಕಬ್ಬಿಣದ್ದನ್ನೇ ತೆಗೆದು ಸ್ಟೀಲ್ ಪೈಪಿನ ಹೆಡರ್ ಮಾಡಿಸಿದ್ದು. 304 ಸ್ಟೇನ್‌ಲೆಸ್, ಹೆಡ್ಡಿಗೆ ಕೂರುವ ಫ್ಲೇಂಜಿಗೆ 8 ಎಂಎಂ ಪಟ್ಟಿ. ₹18,000 ಆಯ್ತು. ವೆಲ್ಡ್ ಮಾಡುವಾಗ ಫ್ಲೇಂಜನ್ನು ದಪ್ಪ ಪ್ಲೇಟಿಗೆ ಬೋಲ್ಟ್ ಹಾಕಿ ಬಿಗಿದೇ ಮಾಡಬೇಕು, ಇಲ್ಲದಿದ್ರೆ ಬಾಳೆಕಾಯಿ ಹಾಗೆ ಬಗ್ಗುತ್ತದೆ. ಈಗ ಲೀಕ್ ಇಲ್ಲ, ಎಂತ ಸೌಂಡು ಗೊತ್ತುಂಟಾ!

ಅಂಬಿ_ಮೈಸೂರು:
ಕೇಳಿದವರ ಗಾಡಿ 50 ವರ್ಷ ದಾಟಿದೆ. 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಆಗಬೇಕಂದ್ರೆ ಮೂಲರೂಪ ಉಳಿದಿರಬೇಕು. ನಿಮ್ಮ ಸೌಂಡಿಗೋಸ್ಕರ ಅವರ ಗಾಡಿ ಕೆಡಿಸಬೇಡಿ.

ಕುಡ್ಲ_ಅಂಬಿ:
ಹೆಡರ್ ಬೋಲ್ಟ್ ಹಾಕಿದ್ದು, ಬಿಚ್ಚಿದ್ರೆ ಆಯ್ತಲ್ಲ. ವಿಂಟೇಜ್ ಪ್ಲೇಟ್ ಹಾಕಿದ ಮೇಲೆ ದಿನಾ ಓಡಿಸ್ಲಿಕ್ಕೆ ಬಿಡುದಿಲ್ಲ, ಅದನ್ನೂ ಹೇಳಿ. ನಾನು ಮೀನು ಮಾರ್ಕೆಟಿಗೆ ಹೋಗುದು ಇದೇ ಗಾಡಿಯಲ್ಲಿ. ನಿಮ್ಮದು ಶೆಡ್ಡಲ್ಲಿ ಬಟ್ಟೆ ಹೊದ್ದು ಮಲಗಿರುದು ಅಲ್ವಾ?

ಅಂಬಿ_ಮೈಸೂರು:
ದಸರಾಗೆ ಬನ್ನಿ, ಚಾಮುಂಡಿ ಬೆಟ್ಟ ಹತ್ತಿಸಿ ತೋರಿಸ್ತೀನಿ.

ತುಮಕೂರು_ಮಾರ್ಕ್2:
ಗಾಜಿನ ಮೇಲೆ ಇಡಬೇಕಂದ್ರೆ ಬಿಚ್ಚಬೇಕು, ಬಿಚ್ಚಿದರೆ ಸ್ಟಡ್ ಮುರಿಯುತ್ತೆ ಅಂತೀರಿ. ಹಾಗಾದರೆ ಮದುವೆ ಮುಗಿಯೋವರೆಗೂ ಹೀಗೇ ಓಡಿಸಲಾ? ಬರೀ ಟ್ಯಾಪೆಟ್ (ವಾಲ್ವ್ ಎತ್ತೋ ಭಾಗ) ಸದ್ದೂ ಇರಬಹುದು ಅಂತ ಚಿಕ್ಕಪ್ಪ ಹೇಳ್ತಾರೆ.

ಮಲ್ಲೇಶ್ವರಂ_ಹೆರಾಲ್ಡ್:
ಮಸಿ ಕಾಣ್ತಿದೆ ಅಂದ ಮೇಲೆ ಟ್ಯಾಪೆಟ್ ಮಾತೆಲ್ಲಿ? ಅನುಮಾನ ಇದ್ದರೆ ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ತುದಿಗೆ ಬ್ಲೋವರ್ ಹಿಡಿದು ಮ್ಯಾನಿಫೋಲ್ಡ್ ಸುತ್ತ ಸೋಪ್ ನೀರು ಬಿಡಿ, ಗುಳ್ಳೆ ಬಂದ ಕಡೆ ಲೀಕ್. ಹೀಗೇ ಓಡಿಸೋದಂತೂ ಬೇಡ. ನಿಮಗೆ ಬರ್ತಿರೋದು ಹೊಗೆ ವಾಸನೆ, ಅದರ ಜೊತೆ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮದುವೆ ಗಾಡಿಗೆ ಗ್ಲಾಸ್ ಏರಿಸಿ ಮಕ್ಕಳನ್ನ ತುಂಬ್ತೀರಿ.

ಬಿಎಂಸಿ_ಬೆಂಗ್ಳೂರು:
ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂತ ಹೊಡೆಯುತ್ತಾ? ನಂದು ಇ20 ಪೆಟ್ರೋಲ್ (20% ಎಥನಾಲ್ ಬೆರೆಸಿದ್ದು) ಬಂದ ಮೇಲೆ ಶುರುವಾಯ್ತು. ಕಾರ್ಬುರೇಟರಿನ ಹಳೇ ಜೆಟ್ಟಿಗೆ (ಪೆಟ್ರೋಲ್ ಬಿಡೋ ತೂತು) ಮಿಕ್ಸ್ಚರ್ ತೆಳ್ಳಗಾಗುತ್ತೆ, ಅಂದ್ರೆ ಗಾಳಿ ಜಾಸ್ತಿ ಆಗುತ್ತೆ.

ಹುಬ್ಳಿ_ಟ್ಯಾಕ್ಸಿ:
ಎಲ್ಲಾದಕ್ಕೂ ಇ20 ಮ್ಯಾಲೆ ಹಾಕ್ರಿ. ಲೀಕ್ ಇದ್ರ ಹೊರಗಿನ ಗಾಳಿ ಸೈಲೆನ್ಸರ್‌ನ್ಯಾಗ ಹೊಕ್ಕು ಪಟ್ ಪಟ್ ಅಂತೈತಿ, ಇದು 1974ರಾಗೂ ಹಂಗ ಇತ್ತು.

ಬಿಎಂಸಿ_ಬೆಂಗ್ಳೂರು:
ನನ್ನ ಗಾಡಿ ಲೀಕ್ ಇಲ್ಲ. ₹20,450 ಕೊಟ್ಟಿದ್ದೀನಿ.

ಹುಬ್ಳಿ_ಟ್ಯಾಕ್ಸಿ:
ರೊಕ್ಕಾ ಕೊಟ್ಟ ಮಾತ್ರಕ್ಕ ಲೀಕ್ ನಿಲ್ಲತೈತೇನ್ರೀ? ಇರಲಿ. ಕುಡ್ಲದವರ, ಆ ಕಬ್ಬಿಣದ್ದು ಬಿಸಾಕೀರೋ, ಐತೋ? ಐತಿ ಅಂದ್ರ ಹುಬ್ಳಿ ಬಸ್ಸಿಗೆ ಹಾಕ್ರಿ, ಬಾಡಿಗಿ ನಾ ಕೊಡ್ತೀನಿ.

ಕುಡ್ಲ_ಅಂಬಿ:
ಉಂಟು. ಬಾಡಿಗೆ ಬೇಡ, ನಿಮ್ಮ ಹಳೇ ಸ್ಟಾಕ್ ಪ್ಯಾಕಿಂಗ್ ಎರಡು ಕಳ್ಸಿ, ಮತ್ತೆ ನೋಡುವ.

ಹುಬ್ಳಿ_ಟ್ಯಾಕ್ಸಿ:
ಒಂದು.